ಕ್ರೋನಿಯೆಯನ್ನು ಕ್ಷಮಿಸಿದವರು ಯಾರು?

ಕ್ರೀಡಾ ತಾರೆಯೊಬ್ಬರು ನೈತಿಕವಾಗಿ ಎಡವಿದಾಗ ಸಮಾಜ ಒಂದು ವಿಚಿತ್ರವಾದ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ತಪ್ಪು ಮಾಡಿದವರು ಕ್ಯಾಮೆರಾದ ಮುಂದೆ ಕುಳಿತು ತಾವು ಎಂದೂ ಕಾಣದ ಲಕ್ಷಾಂತರ ಜನರ ಕ್ಷಮೆ ಬೇಡುತ್ತಾರೆ, ಆ ಜನರೋ ತಮಗಾದ ನಷ್ಟ ಏನೆಂಬುದು ತಮಗೇ ಸ್ಪಷ್ಟವಿಲ್ಲದಿದ್ದರೂ ಕ್ಷಮಿಸಬೇಕೇ ಬೇಡವೇ ಎಂದು ತೀರ್ಪು ಕೊಡಲು ಸಿದ್ಧರಾಗುತ್ತಾರೆ. ಇಂಥ ಪ್ರಸಂಗಗಳಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಮಾಡಿದ್ದನ್ನು ಮುಚ್ಚಿಡದೆ ಹೇಳುವುದು ತಪ್ಪೊಪ್ಪಿಗೆ. ಮಾಡಿದ್ದಕ್ಕಾಗಿ ನೊಂದು, ಮತ್ತೆ ಆ ದಾರಿ ಹಿಡಿಯದಂತೆ ಬದುಕನ್ನೇ ತಿರುಗಿಸಿಕೊಳ್ಳುವುದು ಪಶ್ಚಾತ್ತಾಪ. ಅನ್ಯಾಯಕ್ಕೊಳಗಾದವರು ತಮ್ಮ ರೋಷವನ್ನು ತಾವಾಗಿಯೇ ಬಿಟ್ಟುಕೊಡುವುದು ಕ್ಷಮೆ. ಕಾನೂನಾಗಲಿ ಸಂಸ್ಥೆಯಾಗಲಿ ಶಿಕ್ಷೆಯನ್ನು ಕೈಬಿಡುವುದು ವಿನಾಯಿತಿ. ಮೊದಲ ಎರಡು ತಪ್ಪಿತಸ್ಥರ ಪಾಲಿನವು, ಮೂರನೆಯದು ನೊಂದವರ ಹಕ್ಕು, ನಾಲ್ಕನೆಯದು ಅಧಿಕಾರದಲ್ಲಿರುವವರ ಕೆಲಸ. ಇವುಗಳಲ್ಲಿ ಒಂದು ನಡೆದರೆ ಉಳಿದ ಮೂರೂ ನಡೆದಂತೆಯೇ ಎಂದು ಭಾವಿಸಿಬಿಡುವುದು ಸಾರ್ವಜನಿಕ ಚರ್ಚೆಯ ಹಳೆಯ ಚಾಳಿ.

ಈ ಗೋಜಲನ್ನು ಬಿಡಿಸಿ ನೋಡಲು ದಕ್ಷಿಣ ಆಫ್ರಿಕಾದ ಕ್ರಿಕೆಟ್ ನಾಯಕ ಹ್ಯಾನ್ಸಿ ಕ್ರೋನಿಯೆ ಅವರ ಪ್ರಕರಣಕ್ಕಿಂತ ತಕ್ಕ ಉದಾಹರಣೆ ಸಿಗುವುದು ಕಷ್ಟ. ಬುಕ್ಕಿಗಳಿಂದ, ಎಂದರೆ ಪಂದ್ಯಗಳ ಮೇಲೆ ಬಾಜಿ ಕಟ್ಟಿಸಿಕೊಳ್ಳುವ ದಂಧೆಯವರಿಂದ, ಅವರು ಹಣ ಪಡೆದ ಸಂಗತಿ ಬಯಲಾದದ್ದು ಭಾರತದ ನೆಲದಲ್ಲಿ. ಅದರ ವಿಚಾರಣೆ ನಡೆದದ್ದು ಕೇಪ್‌ಟೌನ್‌ನಲ್ಲಿ. ಆ ಹೊತ್ತಿಗೆ ಅವರ ದೇಶವೇ ಅಪರಾಧ, ಸತ್ಯ ಮತ್ತು ಕ್ಷಮೆಗಳ ನಡುವಿನ ಸಂಬಂಧವನ್ನು ಕಾನೂನಿನ ಮೂಲಕ ಕಟ್ಟಲು ಹೊರಟು ಜಗತ್ತಿನ ಗಮನ ಸೆಳೆದಿತ್ತು.

1969ರಲ್ಲಿ ಬ್ಲೂಮ್‌ಫಾಂಟೇನ್‌ನಲ್ಲಿ ಹುಟ್ಟಿ, ಅದೇ ಊರಿನ ಹೆಸರಾಂತ ಗ್ರೇ ಕಾಲೇಜಿನಲ್ಲಿ ಓದಿದ ಕ್ರೋನಿಯೆ, ಡಚ್ ಮೂಲದ ಬಿಳಿಯ ವಸಾಹತುಗಾರರ ಸಂತತಿಯಾದ ಆಫ್ರಿಕಾನರ್ ಸಮುದಾಯಕ್ಕೆ ಸೇರಿದವರು. ವರ್ಣಭೇದ ನೀತಿಯ ಕಾರಣಕ್ಕೆ ಎರಡು ದಶಕ ಬಹಿಷ್ಕಾರದಲ್ಲಿದ್ದ ದಕ್ಷಿಣ ಆಫ್ರಿಕಾ 1991ರ ನವೆಂಬರಿನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ಮರಳಿತು. ನೆಲ್ಸನ್ ಮಂಡೇಲಾ ಅಧ್ಯಕ್ಷರಾದ 1994ರಲ್ಲಿಯೇ ಕ್ರೋನಿಯೆ ತಂಡದ ನಾಯಕರಾದರು. ಅವರು ಮುನ್ನಡೆಸಿದ 53 ಟೆಸ್ಟ್‌ಗಳಲ್ಲಿ 27 ಗೆಲುವು, 11 ಸೋಲು. ಈ ಅಂಕಿಅಂಶಕ್ಕಿಂತ ದೊಡ್ಡದಾಗಿದ್ದುದು ಅವರ ವರ್ಚಸ್ಸು. ಅಧಿಕಾರ ಕಳೆದುಕೊಂಡು ಗೊಂದಲದಲ್ಲಿದ್ದ ಬಿಳಿಯರಿಗೆ ಅವರು ಹೊಸ ವ್ಯವಸ್ಥೆಯಲ್ಲೂ ತಲೆಯೆತ್ತಿ ನಿಲ್ಲಬಹುದೆಂಬ ಭರವಸೆಯಾಗಿದ್ದರು, ಹೊಸ ಸರ್ಕಾರಕ್ಕೆ ಕೂಡಿ ಬಾಳುವ ದೇಶವೊಂದರ ಒಪ್ಪುವ ಮುಖವಾಗಿದ್ದರು. ಸಂಕಟದ ಘಳಿಗೆಯಲ್ಲಿ ಯೇಸು ಏನು ಮಾಡುತ್ತಿದ್ದ ಎಂದು ಕೇಳಿಕೊಳ್ಳಲು ನೆನಪಿಸುವ ಪಟ್ಟಿಯೊಂದನ್ನು ಅವರು ಕೈಗೆ ಕಟ್ಟಿಕೊಳ್ಳುತ್ತಿದ್ದರು. ದೈವಭಕ್ತಿ ಅವರ ಸಾರ್ವಜನಿಕ ವ್ಯಕ್ತಿತ್ವದ ಒಂದು ಭಾಗವೇ ಆಗಿತ್ತು.

2000ದ ಏಪ್ರಿಲ್ 7ರಂದು ದೆಹಲಿ ಪೊಲೀಸರು, ಕ್ರೋನಿಯೆ ಮತ್ತು ಸಂಜೀವ್ ಚಾವ್ಲಾ ಎಂಬ ಬುಕ್ಕಿಯ ನಡುವಿನ ದೂರವಾಣಿ ಸಂಭಾಷಣೆ ತಮ್ಮ ಕೈಸೇರಿದೆ ಎಂದು ಪ್ರಕಟಿಸಿದರು. ಆ ವರ್ಷದ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಭಾರತ ಪ್ರವಾಸದಲ್ಲಿದ್ದ ದಕ್ಷಿಣ ಆಫ್ರಿಕಾ ತಂಡ ಮುಂಬೈ ಮತ್ತು ಬೆಂಗಳೂರಿನ ಎರಡೂ ಟೆಸ್ಟ್‌ಗಳನ್ನು ಗೆದ್ದಿತ್ತು. ಆ ಬಳಿಕ ನಡೆದ ಏಕದಿನ ಪಂದ್ಯಗಳ ವಿಷಯದಲ್ಲಿ ಈ ಮಾತುಕತೆ ನಡೆದಿತ್ತೆಂದು ಪೊಲೀಸರು ಹೇಳಿದರು. ದಕ್ಷಿಣ ಆಫ್ರಿಕಾದಲ್ಲಿ ಮೊದಲು ಎದ್ದದ್ದು ಅವಮಾನವಲ್ಲ, ಅಪನಂಬಿಕೆ. ಭಾರತದ ಪೊಲೀಸರ ಸಾಮರ್ಥ್ಯ, ಉದ್ದೇಶ, ಧ್ವನಿಮುದ್ರಣದ ಉಚ್ಚಾರಣೆ ಎಲ್ಲವೂ ಸಂಶಯಕ್ಕೆ ಗುರಿಯಾದವು. ಕ್ರಿಕೆಟ್ ಮಂಡಳಿಯ ಮುಖ್ಯಸ್ಥ ಅಲಿ ಬಾಕರ್ ತಮ್ಮ ನಾಯಕನ ಪ್ರಾಮಾಣಿಕತೆಗೆ ತಾವೇ ಹೊಣೆ ಎಂಬಂತೆ ಮಾತನಾಡಿದರು. ಕ್ರೋನಿಯೆ ಎಲ್ಲವನ್ನೂ ಅಲ್ಲಗಳೆದರು. ನಾಲ್ಕು ದಿನ ಕಳೆಯುವಷ್ಟರಲ್ಲಿ, ಆಸ್ಟ್ರೇಲಿಯಾ ವಿರುದ್ಧದ ಪಂದ್ಯಕ್ಕೆಂದು ತಂಡ ಡರ್ಬನ್‌ನಲ್ಲಿ ಬೀಡುಬಿಟ್ಟಿದ್ದಾಗ, ಏಪ್ರಿಲ್ 11ರ ನಸುಕಿನಲ್ಲಿ ಅವರು ಬಾಕರ್‌ಗೆ ದೂರವಾಣಿ ಮಾಡಿ ತಾವು ಪೂರ್ತಿ ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲವೆಂದು ತಿಳಿಸಿದರು. ಅದೇ ದಿನ ನಾಯಕತ್ವ ಶಾನ್ ಪೊಲಾಕ್ ಪಾಲಾಯಿತು.

ಆ ನಸುಕಿನ ಕರೆಯನ್ನು ಆತ್ಮಸಾಕ್ಷಿ ಎಚ್ಚೆತ್ತ ಕ್ಷಣವೆಂದು ಬಣ್ಣಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಅದು ನಿಜವೂ ಇರಬಹುದು. ಆದರೆ ಅಂದು ಒಪ್ಪಿಕೊಂಡ ಮೊತ್ತ ಹತ್ತರಿಂದ ಹದಿನೈದು ಸಾವಿರ ಡಾಲರ್ ಮಾತ್ರ. ಅದೂ ಪಂದ್ಯದ ಬಗ್ಗೆ ಮಾಹಿತಿ ಮತ್ತು ಮುನ್ನೋಟ ಕೊಟ್ಟದ್ದಕ್ಕೆ ಪಡೆದದ್ದೆಂದು ಅವರು ಹೇಳಿಕೊಂಡಿದ್ದರು. ಎರಡು ತಿಂಗಳ ನಂತರ ವಿಚಾರಣಾ ಆಯೋಗದ ಮುಂದೆ ಅದೇ ಮೊತ್ತ, 1996ರಿಂದ ಬೇರೆ ಬೇರೆ ಬುಕ್ಕಿಗಳಿಂದ ಪಡೆದದ್ದೆಲ್ಲ ಸೇರಿ, ಸುಮಾರು ಒಂದು ಲಕ್ಷ ಡಾಲರಿಗೆ ಬೆಳೆಯಿತು. ಸಾಕ್ಷ್ಯ ಎಷ್ಟು ದೂರ ಬಂದಿದೆಯೋ ಅಷ್ಟು ದೂರ ಮಾತ್ರ ನಡೆಯುವ ತಪ್ಪೊಪ್ಪಿಗೆಯನ್ನು ಗುರುತಿಸುವುದು ಕಷ್ಟವಲ್ಲ, ಆದರೆ ಅಳುವ ಮುಖ ಎದುರಿಗಿದ್ದಾಗ ಹಾಗೆ ಲೆಕ್ಕ ಹಾಕುವವರೇ ನಿರ್ದಯಿಗಳಂತೆ ಕಾಣುತ್ತಾರೆ.

ನ್ಯಾಯಮೂರ್ತಿ ಎಡ್ವಿನ್ ಕಿಂಗ್ ಅವರ ಆಯೋಗ 2000ದ ಜೂನ್ 7ರಂದು ಕೇಪ್‌ಟೌನ್‌ನಲ್ಲಿ ಕಲಾಪ ಆರಂಭಿಸಿತು. ಸಂಪೂರ್ಣ ಸತ್ಯ ನುಡಿದರೆ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ದೊರೆಯುವುದೆಂಬ ಷರತ್ತನ್ನು ಕ್ರೋನಿಯೆ ಮುಂದಿಡಲಾಯಿತು. ಜೂನ್ 15ರಂದು ಅವರು ಓದಿದ ದೀರ್ಘ ಹೇಳಿಕೆಯನ್ನು ದೇಶವೇ ಕಿವಿಗೊಟ್ಟು ಕೇಳಿತು. 1996ರಲ್ಲಿ ಕಾನ್ಪುರದಲ್ಲಿ ಮೊದಲ ಬಾರಿಗೆ ಹಣ ಪಡೆದದ್ದು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬೈಯಲ್ಲಿ, ಮೋಹಿಂದರ್ ಅಮರನಾಥ್ ಸಹಾಯಾರ್ಥ ಏಕದಿನ ಪಂದ್ಯವನ್ನು ಸೋತರೆ ಎರಡು ಲಕ್ಷ ಡಾಲರಿಗೆ ಕಡಿಮೆಯಿಲ್ಲದ ಹಣ ಸಿಗುತ್ತದೆಂಬ ಪ್ರಸ್ತಾಪವನ್ನು ತಂಡದ ಸಭೆಯ ಮುಂದೆಯೇ ಇಟ್ಟದ್ದು, ತಂಡ ಅದನ್ನು ತಿರಸ್ಕರಿಸಿದ್ದು. 2000ದ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧದ ಸೆಂಚುರಿಯನ್ ಟೆಸ್ಟ್ ಮಳೆಯಿಂದ ಹಾಳಾಗಿದ್ದಾಗ ಎರಡೂ ತಂಡಗಳು ಒಂದೊಂದು ಇನಿಂಗ್ಸ್ ಬಿಟ್ಟುಕೊಟ್ಟು ಪಂದ್ಯಕ್ಕೆ ಜೀವ ತುಂಬೋಣವೆಂದು ಎದುರಾಳಿ ನಾಯಕನನ್ನು ಒಪ್ಪಿಸಿದ್ದರ ಹಿಂದೆ ಬಾಜಿದಾರನೊಬ್ಬನಿದ್ದದ್ದು, ಅದಕ್ಕೆ ಪ್ರತಿಯಾಗಿ ಐವತ್ತು ಸಾವಿರ ರ‍್ಯಾಂಡಿಗೂ ಮಿಕ್ಕ ಹಣ ಮತ್ತು ಒಂದು ಚರ್ಮದ ಜಾಕೆಟ್ ಬಂದದ್ದು ಎಲ್ಲವೂ ದಾಖಲೆಗೆ ಸೇರಿದವು. ಕ್ರೀಡಾಸ್ಫೂರ್ತಿಯ ಮಾದರಿಯೆಂದು ಕೆಲವು ತಿಂಗಳ ಹಿಂದೆ ಪತ್ರಿಕೆಗಳು ಕೊಂಡಾಡಿದ್ದ ನಿರ್ಧಾರದ ಬೆಲೆ ಇಷ್ಟೇ ಆಗಿತ್ತು. ಒಂದು ಪಂದ್ಯವನ್ನಾದರೂ ಬೇಕೆಂದೇ ಸೋತದ್ದನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ.

ಹೇಳಿಕೆಯಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು ಲೆಕ್ಕಪತ್ರವಲ್ಲ, ಧಾರ್ಮಿಕ ಭಾಷೆ. ದೌರ್ಬಲ್ಯದ ಒಂದು ಘಳಿಗೆಯಲ್ಲಿ ಸೈತಾನನು ತಮ್ಮನ್ನು ನಡೆಸಲು ಬಿಟ್ಟೆನೆಂದೂ ಯೇಸುವಿನಿಂದ ದೃಷ್ಟಿ ಕದಲಿದಂದೇ ತಮ್ಮ ಜಗತ್ತು ಕತ್ತಲಾಯಿತೆಂದೂ ಅವರು ಹೇಳಿದರು. ಹಣದ ಮೇಲಿನ ತಮ್ಮ ಮೋಹವನ್ನು ಕುಡಿತದ ಚಟಕ್ಕೆ ಹೋಲಿಸಿದರು. ಪಾಟೀಸವಾಲು ಮುಗಿದಾಗ ಕುಸಿದು ಅಳುತ್ತಾ ಇತರರ ಆಸರೆಯಿಂದ ಕೋಣೆಯಿಂದ ಹೊರನಡೆದರು.

ಕ್ಷಮಾಯಾಚನೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1971ರಷ್ಟು ಹಿಂದೆಯೇ ವಿವರಿಸಿದ್ದರು. ಅವರ ಪ್ರಕಾರ ಕ್ಷಮೆ ಕೇಳುವ ವ್ಯಕ್ತಿ ತನ್ನನ್ನು ಎರಡಾಗಿ ಸೀಳಿಕೊಳ್ಳುತ್ತಾನೆ. ಒಂದು ಭಾಗ ತಪ್ಪು ಮಾಡಿದ್ದು, ಇನ್ನೊಂದು ಭಾಗ ಆ ತಪ್ಪನ್ನು ಖಂಡಿಸಿ ಸಮಾಜದ ಪರವಾಗಿ ನಿಲ್ಲುವಂಥದ್ದು, ಮತ್ತು ಈ ಎರಡನೆಯ ಭಾಗವನ್ನೇ ತನ್ನ ನಿಜವಾದ ವ್ಯಕ್ತಿತ್ವವೆಂದು ಒಪ್ಪಿಕೊಳ್ಳುವಂತೆ ಆತ ಕೇಳುಗರನ್ನು ಕೋರುತ್ತಾನೆ. ಕ್ರೋನಿಯೆ ಅವರ ಹೇಳಿಕೆ ಈ ವಿವರಣೆಗೆ ಅಚ್ಚು ಹೊಯ್ದಂತಿದೆ, ಆದರೆ ಒಂದು ಹೆಜ್ಜೆ ಮುಂದೆಯೂ ಹೋಗುತ್ತದೆ. ಸೀಳಿದ ಎರಡು ಭಾಗಗಳಲ್ಲಿ ತಪ್ಪು ಮಾಡಿದ್ದನ್ನು ಅವರು ಸೈತಾನನಿಗೆ ಒಪ್ಪಿಸಿಬಿಟ್ಟದ್ದರಿಂದ, ಅವರ ಬಳಿ ಉಳಿದದ್ದು ಖಂಡಿಸುವ ಒಳ್ಳೆಯ ಭಾಗವೊಂದೇ. ನಂಬಿಕೆಯುಳ್ಳ ಕ್ರೈಸ್ತರಿಗೆ ಅದು ಹೊಣೆ ಜಾರಿಸುವ ಮಾತಾಗಿ ಕೇಳಿಸಿರಲಾರದು. ಮನುಷ್ಯ ದುರ್ಬಲ, ದೇವರ ಕೃಪೆಯಿಲ್ಲದೆ ನಿಲ್ಲಲಾರ ಎಂಬುದು ಅವರ ಧರ್ಮದ ಮೂಲ ತಿಳಿವಳಿಕೆಗಳಲ್ಲೊಂದು. ಹಾಗಿದ್ದರೂ ಆಯೋಗ ಕೇಳಿದ್ದ ಪ್ರಶ್ನೆ ಆತ್ಮದ ಸ್ಥಿತಿಗೆ ಸಂಬಂಧಿಸಿದ್ದಲ್ಲ. ಯಾರಿಂದ, ಯಾವಾಗ, ಎಷ್ಟು, ಯಾವ ಕೆಲಸಕ್ಕೆ ಎಂಬುದಷ್ಟೇ ಅದಕ್ಕೆ ಬೇಕಿತ್ತು.

ಇಡೀ ಪ್ರಕರಣದ ತಿರುಳು ಇರುವುದು ಸೈತಾನನಲ್ಲಿಯೂ ಅಲ್ಲ, ಚರ್ಮದ ಜಾಕೆಟ್ಟಿನಲ್ಲಿಯೂ ಅಲ್ಲ. 2000ದ ಮಾರ್ಚ್ 19ರಂದು ನಾಗಪುರದಲ್ಲಿ ನಡೆದ ಐದನೆಯ ಏಕದಿನ ಪಂದ್ಯದಲ್ಲಿ. ಇಪ್ಪತ್ತಕ್ಕಿಂತ ಕಡಿಮೆ ಓಟಗಳಿಗೆ ಔಟಾದರೆ 15,000 ಡಾಲರ್ ಕೊಡಿಸುವುದಾಗಿ ಕ್ರೋನಿಯೆ ಆರಂಭಿಕ ಆಟಗಾರ ಹರ್ಷೆಲ್ ಗಿಬ್ಸ್‌ಗೆ ಹೇಳಿದರು. ಐವತ್ತಕ್ಕಿಂತ ಹೆಚ್ಚು ಓಟ ಕೊಟ್ಟರೆ ಅಷ್ಟೇ ಹಣವೆಂದು ವೇಗದ ಬೌಲರ್ ಹೆನ್ರಿ ವಿಲಿಯಮ್ಸ್‌ಗೆ ಹೇಳಿದರು. ಇಬ್ಬರೂ ಒಪ್ಪಿದರು, ಇಬ್ಬರೂ ಆ ಕೆಲಸ ಮಾಡಲಿಲ್ಲ. ಗಿಬ್ಸ್ ಕ್ರೀಸಿಗೆ ಬಂದು 74 ಓಟ ಬಾರಿಸಿದರು; ವಿಲಿಯಮ್ಸ್ ಭುಜದ ನೋವಿನಿಂದ ಎರಡು ಓವರನ್ನೂ ಪೂರ್ತಿ ಮಾಡದೆ ಹೊರನಡೆದರು; ತಂಡದ ಮೊತ್ತ 270ರೊಳಗೆ ನಿಲ್ಲಬೇಕೆಂಬ ಮಾತಿದ್ದ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾ 320 ಹೊಡೆದು ಗೆದ್ದಿತು. ಬುಕ್ಕಿಯ ಬಳಿ ಈ ಇಬ್ಬರ ಹೆಸರಿನಲ್ಲಿ ತಲಾ 25,000 ಡಾಲರ್ ಎಂದು ಮಾತನಾಡಿ, ಅವರಿಗೆ ಹದಿನೈದು ಎಂದು ತಿಳಿಸಿ, ನಡುವಿನ ವ್ಯತ್ಯಾಸವನ್ನು ತಾವೇ ಇಟ್ಟುಕೊಳ್ಳುವ ಲೆಕ್ಕ ಕ್ರೋನಿಯೆ ಅವರದಾಗಿತ್ತು.

ಗಿಬ್ಸ್ ಮತ್ತು ವಿಲಿಯಮ್ಸ್ ಇಬ್ಬರೂ ವರ್ಣಭೇದದ ಆಡಳಿತ ‘ಕಲರ್ಡ್’ ಎಂದು ಪ್ರತ್ಯೇಕವಾಗಿ ಪಟ್ಟಿಮಾಡಿದ್ದ, ಮಿಶ್ರ ಮೂಲದ ಜನವರ್ಗದಿಂದ ಬಂದವರು. ತಂಡದಲ್ಲಿ ಬಿಳಿಯರಲ್ಲದವರ ಸಂಖ್ಯೆ ಹೆಚ್ಚಿಸಬೇಕೆಂಬ ಒತ್ತಡ ಮತ್ತು ಅದಕ್ಕೆ ಪ್ರತಿರೋಧ ಎರಡೂ ಬಲವಾಗಿದ್ದ ಕಾಲವದು. ಆ ವರ್ಗದ ಆಟಗಾರರು ಪ್ರತಿ ಪಂದ್ಯದಲ್ಲೂ ತಮ್ಮ ಆಟವನ್ನು ಮಾತ್ರವಲ್ಲ, ತಮ್ಮ ಅರ್ಹತೆಯನ್ನೂ ಸಾಬೀತುಪಡಿಸಬೇಕಾಗಿತ್ತು. ವಿಲಿಯಮ್ಸ್ ವಯಸ್ಸಿನಲ್ಲಿ ಕ್ರೋನಿಯೆ ಅವರಿಗಿಂತ ಹಿರಿಯರಾದರೂ ತಂಡಕ್ಕೆ ಹೊಸಬರು. ತಂಡದಲ್ಲಿ ಯಾರಿರಬೇಕೆಂಬುದರ ಬಗ್ಗೆ ನಾಯಕನ ಮಾತಿಗೆ ತೂಕವಿರುವಾಗ ಅವನ ಬೇಡಿಕೆಗೆ ಇಲ್ಲವೆನ್ನುವ ಧೈರ್ಯ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಬೆಂಗಳೂರಿನ ಟೆಸ್ಟ್‌ಗೆ ಮುನ್ನ ಜಾಕ್ ಕಾಲಿಸ್, ಮಾರ್ಕ್ ಬೌಚರ್ ಮತ್ತು ಲ್ಯಾನ್ಸ್ ಕ್ಲೂಸ್ನರ್ ಎಂಬ ಮೂವರು ಬಿಳಿಯ ತಾರೆಯರ ಮುಂದೆಯೂ ಕ್ರೋನಿಯೆ ಇಂಥದೇ ಮಾತೆತ್ತಿದ್ದರು, ಆದರೆ ಅದು ತಮಾಷೆಯ ಧಾಟಿಯಲ್ಲಿ ಆಡಿದ ಮಾತಾಗಿ ಮುಗಿದುಹೋಯಿತು. ಮೊತ್ತ, ಗುರಿ, ಷರತ್ತುಗಳನ್ನು ನಿಗದಿಪಡಿಸಿದ ನೇರ ಬೇಡಿಕೆ ಹೋಗಿ ಮುಟ್ಟಿದ್ದು ಈ ಇಬ್ಬರನ್ನು. ಇದು ಜನಾಂಗೀಯ ಲೆಕ್ಕಾಚಾರವಾಗಿತ್ತೋ, ಸುಲಭವಾಗಿ ಬಾಗುವವರನ್ನು ಹುಡುಕುವ ಸಾಮಾನ್ಯ ಜಾಣತನವಾಗಿತ್ತೋ ಎಂಬ ಚರ್ಚೆ ದಕ್ಷಿಣ ಆಫ್ರಿಕಾದಲ್ಲಿ ಬಹುಕಾಲ ನಡೆಯಿತು. ಆ ದೇಶದ ಚರಿತ್ರೆಯಲ್ಲಿ ಈ ಎರಡನ್ನೂ ಬೇರ್ಪಡಿಸುವುದು ಸಾಧ್ಯವೇ ಎಂಬುದೇ ಸಂಶಯ.

ಗಿಬ್ಸ್ ಮೊದಲು ಸುಳ್ಳು ಹೇಳಿ, ಆಮೇಲೆ ಆಯೋಗದ ಮುಂದೆ ನಿಜ ನುಡಿದರು. ನಿಜ ಹೇಳದಿರುವಂತೆ ಕ್ರೋನಿಯೆ ತಮ್ಮನ್ನು ಕೇಳಿಕೊಂಡಿದ್ದರೆಂದೂ ತಿಳಿಸಿದರು. ಅವರಿಬ್ಬರನ್ನು ಈ ಸುಳಿಗೆ ಎಳೆದದ್ದಕ್ಕೆ ಕ್ರೋನಿಯೆ ವಿಷಾದಿಸಿದರೆಂಬುದು ನಿಜ. ಆದರೆ ದಂಡ ತೆತ್ತದ್ದು ಅವರೂ ಹೌದು. ಇಬ್ಬರನ್ನೂ 2000ದ ಡಿಸೆಂಬರ್ 31ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ಹೊರಗಿಡಲಾಯಿತು. ಗಿಬ್ಸ್‌ಗೆ 60,000 ರ‍್ಯಾಂಡ್, ವಿಲಿಯಮ್ಸ್‌ಗೆ 10,000 ರ‍್ಯಾಂಡ್ ದಂಡ ವಿಧಿಸಲಾಯಿತು. ಭಾರತದಲ್ಲಿ ಬಂಧನವಾದೀತೆಂಬ ಭಯದಿಂದ ಗಿಬ್ಸ್ 2004ರ ಪ್ರವಾಸಕ್ಕೆ ಬರಲಿಲ್ಲ. 2006ರಲ್ಲಿ ಚಾಂಪಿಯನ್ಸ್ ಟ್ರೋಫಿಗೆ ಬಂದಾಗ ದೆಹಲಿ ಪೊಲೀಸರ ಮುಂದೆ ಕುಳಿತು ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು.

ಇಲ್ಲಿ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಮನ್ವಯ ಆಯೋಗದ ಮಾತು ಬರಲೇಬೇಕು. 1995ರ ಕಾಯ್ದೆಯೊಂದರ ಮೂಲಕ ರಚನೆಯಾಗಿ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ 1996ರ ಏಪ್ರಿಲಿನಿಂದ ಬಹಿರಂಗ ವಿಚಾರಣೆ ನಡೆಸಿದ ಈ ಆಯೋಗ, ವರ್ಣಭೇದ ಕಾಲದ ಕೊಲೆ, ಚಿತ್ರಹಿಂಸೆಗಳಲ್ಲಿ ಭಾಗಿಯಾದವರಿಗೂ ಶಿಕ್ಷೆಯಿಂದ ವಿನಾಯಿತಿ ಪಡೆಯುವ ದಾರಿಯೊಂದನ್ನು ತೆರೆದಿತ್ತು. ಕೃತ್ಯ ರಾಜಕೀಯ ಉದ್ದೇಶದಿಂದ ನಡೆದಿರಬೇಕು ಮತ್ತು ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಅರ್ಜಿದಾರ ಪೂರ್ತಿಯಾಗಿ ಬಯಲು ಮಾಡಬೇಕು ಎಂಬುವು ಅದರ ಮುಖ್ಯ ಷರತ್ತುಗಳು. ಹೊರಗಿನವರು ಬಹಳಷ್ಟು ಸಲ ಗಮನಿಸದ ಒಂದು ಅಂಶ ಈ ಕಾನೂನಿನಲ್ಲಿದೆ: ವಿನಾಯಿತಿ ಪಡೆಯಲು ಪಶ್ಚಾತ್ತಾಪ ಬೇಕಿರಲಿಲ್ಲ, ಕ್ಷಮೆ ಕೇಳಬೇಕಿರಲಿಲ್ಲ, ಕಣ್ಣೀರಂತೂ ಬೇಕಿರಲೇ ಇಲ್ಲ. ಪಶ್ಚಾತ್ತಾಪವನ್ನು ನಟಿಸಬಹುದು, ನ್ಯಾಯಾಲಯ ಅದನ್ನು ಅಳೆಯಲಾರದು, ಆದರೆ ಶವವನ್ನು ಎಲ್ಲಿ ಹೂಳಲಾಯಿತು ಎಂಬ ಮಾಹಿತಿಯನ್ನು ಪರೀಕ್ಷಿಸಬಹುದು ಎಂಬ ವ್ಯಾವಹಾರಿಕ ವಿವೇಕ ಅದರ ಹಿಂದಿತ್ತು. ಬಂದ 7,112 ಅರ್ಜಿಗಳಲ್ಲಿ ವಿನಾಯಿತಿ ದೊರೆತದ್ದು 849ಕ್ಕೆ ಮಾತ್ರ. ಸಂತ್ರಸ್ತರ ಕುಟುಂಬಗಳು ಕ್ಷಮಿಸಬಹುದಿತ್ತು, ಕ್ಷಮಿಸದೆಯೂ ಇರಬಹುದಿತ್ತು. ಕೆಲವರು ಕ್ಷಮಿಸಿದರು, ಕೆಲವರು ಆಯೋಗದ ಕಲ್ಪನೆಯನ್ನೇ ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದರು.

ಕಿಂಗ್ ಆಯೋಗ ಕ್ರೋನಿಯೆ ಮುಂದಿಟ್ಟ ಷರತ್ತಿನಲ್ಲಿ ಇದೇ ತರ್ಕದ ನೆರಳು ಕಾಣುತ್ತದೆ, ಆದರೆ ಅವರು ಕೊಟ್ಟದ್ದೂ ಕೇಳಿದ್ದೂ ಬೇರೆಯೇ ಆಗಿದ್ದವು. ಆಯೋಗ ಸಂಪೂರ್ಣ ಸತ್ಯ ಕೇಳಿತು. ಅವರು ಬಹುಪಾಲು ಸತ್ಯದ ಜೊತೆಗೆ ಬಹಳಷ್ಟು ಪಶ್ಚಾತ್ತಾಪವನ್ನು ಕೊಟ್ಟರು. ಕೇಳುಗರಲ್ಲಿ ಹೆಚ್ಚಿನವರು ಆ ಎರಡನೆಯದನ್ನೇ ಮೊದಲನೆಯದಕ್ಕೆ ಪುರಾವೆಯೆಂದು ಸ್ವೀಕರಿಸಿದರು.

ಧಾರ್ಮಿಕ ಪರಂಪರೆಗಳು ಈ ವಿಷಯದಲ್ಲಿ ಸಾರ್ವಜನಿಕರಿಗಿಂತ ಬಿಗಿಯಾಗಿವೆ ಎಂಬುದು ಕುತೂಹಲದ ಸಂಗತಿ. ಹನ್ನೆರಡನೆಯ ಶತಮಾನದ ಯಹೂದಿ ದಾರ್ಶನಿಕ ಮೈಮೊನಿಡಿಸ್ ಪ್ರಕಾರ ಮನುಷ್ಯರಿಗೆ ಮಾಡಿದ ಅನ್ಯಾಯ ಕೇವಲ ಪ್ರಾರ್ಥನೆಯಿಂದ ಕಳೆಯುವುದಿಲ್ಲ. ಕಸಿದದ್ದನ್ನು ಹಿಂತಿರುಗಿಸಿ, ನೊಂದವನ ಬಳಿಗೇ ಹೋಗಿ ಅವನನ್ನು ಸಮಾಧಾನಪಡಿಸಬೇಕು, ಮತ್ತು ಅದೇ ತಪ್ಪನ್ನು ಮಾಡುವ ಅವಕಾಶ ಮತ್ತೆ ಎದುರಾದಾಗ ಮಾಡದೆ ಉಳಿದವನದೇ ಪೂರ್ಣ ಪಶ್ಚಾತ್ತಾಪ. ಜರ್ಮನಿಯ ಪ್ರಾಟೆಸ್ಟೆಂಟ್ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ 1937ರಲ್ಲಿ, ಬದುಕು ಬದಲಾಗದೆಯೇ ಕ್ಷಮೆಯನ್ನು ಹಂಚುವ ಕ್ರೈಸ್ತ ಬೋಧನೆಯನ್ನು ‘ಅಗ್ಗದ ಕೃಪೆ’ ಎಂದು ಕರೆದು ಕಟುವಾಗಿ ಟೀಕಿಸಿದರು. ನಮ್ಮ ಧರ್ಮಶಾಸ್ತ್ರಗಳ ಪ್ರಾಯಶ್ಚಿತ್ತದ ಕಲ್ಪನೆಯಲ್ಲಿಯೂ ನುಡಿಗಿಂತ ನಡೆಗೇ, ಎಂದರೆ ವ್ರತ, ದಾನ, ಉಪವಾಸಗಳಂಥ ಕಷ್ಟ ಕೊಡುವ ಕ್ರಿಯೆಗಳಿಗೇ, ಹೆಚ್ಚಿನ ಮಹತ್ವವಿದೆ. ಈ ಪರಂಪರೆಗಳು ಒಂದನ್ನೊಂದು ಹೋಲುವುದಿಲ್ಲ, ಆದರೆ ಅತ್ತ ಮಾತ್ರಕ್ಕೆ ಲೆಕ್ಕ ಮುಗಿಯಿತೆಂದು ಇವುಗಳಲ್ಲಿ ಯಾವುದೂ ಹೇಳುವುದಿಲ್ಲ.

ಮೈಮೊನಿಡಿಸ್ ಹೇಳಿದ ಪರೀಕ್ಷೆ ಕ್ರೀಡಾಪಟುಗಳ ಪಾಲಿಗೆ ಒಂದು ತೊಡಕನ್ನು ತರುತ್ತದೆ. ಆಜೀವ ನಿಷೇಧ ಬಿದ್ದವರಿಗೆ ಅದೇ ಅವಕಾಶ ಮತ್ತೆ ಎದುರಾಗುವುದೇ ಇಲ್ಲ. ಅವರು ಬದಲಾಗಿದ್ದಾರೆಯೇ ಎಂಬುದನ್ನು ತೋರಿಸಬಹುದಾದ ಏಕೈಕ ಸ್ಥಳದಿಂದ ಅವರನ್ನು ಹೊರಹಾಕಲಾಗಿರುತ್ತದೆ. ಪಾಕಿಸ್ತಾನದ ವೇಗಿ ಮೊಹಮ್ಮದ್ ಆಮಿರ್ ಪ್ರಕರಣ ಇದಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. 2010ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಹಣಕ್ಕಾಗಿ ಬೇಕೆಂದೇ ನೋಬಾಲ್ ಎಸೆದಾಗ ಅವರಿಗೆ 18 ವರ್ಷ. ಮೊದಲು ನಿರಾಕರಿಸಿದರೂ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ವಿಚಾರಣೆಗೆ ಮುನ್ನವೇ ತಪ್ಪೊಪ್ಪಿಕೊಂಡು, ಆರು ತಿಂಗಳ ಸೆರೆವಾಸದ ಶಿಕ್ಷೆ ಮತ್ತು ಐದು ವರ್ಷಗಳ ನಿಷೇಧಕ್ಕೆ ಒಳಗಾಗಿ, 2016ರ ಜುಲೈನಲ್ಲಿ ಅದೇ ಲಾರ್ಡ್ಸ್ ಮೈದಾನದಲ್ಲಿ ಟೆಸ್ಟ್ ಕ್ರಿಕೆಟ್ಟಿಗೆ ಮರಳಿದರು. ಆ ಪ್ರಕರಣದಲ್ಲಿ ಆಟಗಾರರ ಪೈಕಿ ನಾಯಕ ಸಲ್ಮಾನ್ ಬಟ್‌ಗೆ ಅತ್ಯಂತ ದೀರ್ಘವಾದ, ಎರಡೂವರೆ ವರ್ಷಗಳ ಶಿಕ್ಷೆಯಾಯಿತು. ಕಿರಿಯನೊಬ್ಬನನ್ನು ತಪ್ಪಿಗೆ ಎಳೆದ ನಾಯಕನ ಹೊಣೆ ದೊಡ್ಡದೆಂಬುದನ್ನು ಲಂಡನ್ನಿನ ನ್ಯಾಯಾಲಯ ವರ್ಷಗಳ ಲೆಕ್ಕದಲ್ಲಿ ಬರೆದಿಟ್ಟಿತು.

ಬೆಂಗಳೂರಿನ ಆ ಟೆಸ್ಟ್‌ಗೂ ಇಂಥ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. 2000ದ ಮಾರ್ಚ್ ಮೊದಲ ವಾರ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಇನಿಂಗ್ಸ್ ಮತ್ತು 71 ಓಟಗಳಿಂದ ಸೋಲುತ್ತಿದ್ದಾಗ ಮೊಹಮ್ಮದ್ ಅಜರುದ್ದೀನ್ 102 ಓಟ ಹೊಡೆದರು. ಅದು ಅವರ 99ನೆಯ ಟೆಸ್ಟ್, ಕೊನೆಯದೂ ಹೌದು. ಕಾನ್ಪುರದಲ್ಲಿ ತಮ್ಮನ್ನು ಬುಕ್ಕಿಗೆ ಪರಿಚಯಿಸಿದ್ದು ಅಜರುದ್ದೀನ್ ಎಂದು ಕ್ರೋನಿಯೆ ಹೇಳಿದ್ದನ್ನು ಅವರು ನಿರಾಕರಿಸಿದರು. ಭಾರತೀಯ ಕ್ರಿಕೆಟ್ ಮಂಡಳಿ ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಮೇಲೆ ಆಜೀವ ನಿಷೇಧ ಹೇರಿತು. ಆಂಧ್ರಪ್ರದೇಶ ಹೈಕೋರ್ಟ್ 2012ರಲ್ಲಿ ಆ ನಿಷೇಧ ಕಾನೂನುಬಾಹಿರವೆಂದು ಸಾರಿತು. ಈ ನಡುವೆ 2009ರಲ್ಲಿ ಮೊರಾದಾಬಾದಿನ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದ್ದರು. 2019ರಲ್ಲಿ ಅವರು ಹೈದರಾಬಾದ್ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರೂ ಆದರು. ಇಲ್ಲಿ ಬಹಿರಂಗ ತಪ್ಪೊಪ್ಪಿಗೆಯೂ ಇಲ್ಲ, ಕ್ಷಮಾಯಾಚನೆಯೂ ಇಲ್ಲ; ನ್ಯಾಯಾಲಯದ ತೀರ್ಪಿದೆ, ಮತಪೆಟ್ಟಿಗೆಯಿದೆ, ಕಾಲ ಕಳೆದಂತೆ ತಾನಾಗಿ ಸವೆಯುವ ಜನರ ನೆನಪಿದೆ. ದಕ್ಷಿಣ ಆಫ್ರಿಕಾ ತನ್ನ ನಾಯಕನನ್ನು ಸಾಕ್ಷಿಕಟ್ಟೆಗೆ ಏರಿಸಿ ದೇಶವಿಡೀ ಕೇಳುವಂತೆ ಮಾತನಾಡಿಸಿತು; ಭಾರತ ಕಡತಗಳಲ್ಲಿ ವ್ಯವಹರಿಸಿತು. ಕ್ರೋನಿಯೆ ಬಗ್ಗೆ ಇಷ್ಟೊಂದು ಕಟುವಾಗಿ ಬರೆಯಲು ಇಂದು ಸಾಧ್ಯವಾಗಿರುವುದಕ್ಕೆ ಅವರು ಕುಳಿತು ಉತ್ತರಿಸಿದ್ದೇ ಕಾರಣವೆಂಬುದನ್ನು ಅವರ ಟೀಕಾಕಾರರು ಒಪ್ಪಲೇಬೇಕು.

2000ದ ಅಕ್ಟೋಬರ್ 11ರಂದು ದಕ್ಷಿಣ ಆಫ್ರಿಕಾದ ಮಂಡಳಿ ಕ್ರೋನಿಯೆ ಮೇಲೆ ಆಜೀವ ನಿಷೇಧ ಹೇರಿತು. ತಾವು ಮತ್ತೆ ದೇಶಕ್ಕಾಗಿ ಆಡುವುದಿಲ್ಲವೆಂದು ಅವರು ಆಗಲೇ ಹೇಳಿದ್ದರೂ, ನಿಷೇಧದ ವ್ಯಾಪ್ತಿಯನ್ನೂ ಅದನ್ನು ಹೇರಿದ ವಿಧಾನವನ್ನೂ ಪ್ರಶ್ನಿಸಿ ಪ್ರಿಟೋರಿಯಾದ ಹೈಕೋರ್ಟಿಗೆ ಹೋದರು. 2001ರ ಅಕ್ಟೋಬರಿನಲ್ಲಿ ಅರ್ಜಿ ವಜಾ ಆಯಿತು. ಪಶ್ಚಾತ್ತಾಪಪಟ್ಟವರು ಶಿಕ್ಷೆಯನ್ನು ಪ್ರಶ್ನಿಸಬಾರದೆಂಬ ನಿಯಮವೇನೂ ಇಲ್ಲ. ಆದರೂ ಅವರ ಬೆಂಬಲಿಗರ ವಾದ ಸಾಗಿದ ರೀತಿ ಗಮನಾರ್ಹ: ದೇವರೇ ಕ್ಷಮಿಸಿದ ಮೇಲೆ, ಜನ ಕ್ಷಮಿಸಿದ ಮೇಲೆ, ಮಂಡಳಿಯದೇನು ಹಟ? ಚಿಂತಕಿ ಹನ್ನಾ ಅರೆಂಟ್ 1958ರಲ್ಲಿ ಪ್ರಕಟವಾದ ‘ದ ಹ್ಯೂಮನ್ ಕಂಡೀಷನ್’ ಕೃತಿಯಲ್ಲಿ, ಶಿಕ್ಷೆಯು ಕ್ಷಮೆಯ ವಿರೋಧಿಯಲ್ಲವೆಂದೂ, ಬಿಟ್ಟರೆ ಕೊನೆಯಿಲ್ಲದೆ ಮುಂದುವರಿಯುವ ಸಂಗತಿಯೊಂದಕ್ಕೆ ಅಂತ್ಯ ಹಾಡುವುದೇ ಎರಡರ ಕೆಲಸವೆಂದೂ ವಾದಿಸಿದ್ದರು. ಆ ಬೆಳಕಿನಲ್ಲಿ ನೋಡಿದರೆ ನಿಷೇಧ ಕ್ಷಮೆಗೆ ಅಡ್ಡಿಯಾಗಿರಲಿಲ್ಲ. ನಾಯಕನ ಸ್ಥಾನವನ್ನು ದುರುಪಯೋಗಪಡಿಸಿಕೊಂಡವರಿಗೆ ಆ ಬಗೆಯ ಸ್ಥಾನ ಮತ್ತೆ ಸಿಗದಿರುವುದು ಸೇಡಿನ ಕ್ರಮವಲ್ಲ; ಅವರನ್ನು ಮನುಷ್ಯರಾಗಿ ಪ್ರೀತಿಸಲು, ಮನೆಗೆ ಕರೆಯಲು, ಬೇರೆ ಕೆಲಸ ಕೊಡಲು ಅದು ಯಾರನ್ನೂ ತಡೆಯುವುದಿಲ್ಲ.

ಹಾಗೆಯೇ ಆಯಿತು. ಕಟ್ಟಡ ಯಂತ್ರೋಪಕರಣಗಳ ಕಂಪನಿಯೊಂದರ ಹಣಕಾಸು ವಿಭಾಗದಲ್ಲಿ ಅವರಿಗೆ ಕೆಲಸ ಸಿಕ್ಕಿತು, ವ್ಯವಹಾರ ನಿರ್ವಹಣೆಯ ಉನ್ನತ ಶಿಕ್ಷಣವನ್ನೂ ಅವರು ಕೈಗೆತ್ತಿಕೊಂಡರು. 2002ರ ಜೂನ್ 1ರಂದು ಜೋಹಾನ್ಸ್‌ಬರ್ಗ್‌ನಿಂದ ಜಾರ್ಜ್ ಊರಿನ ತಮ್ಮ ಮನೆಗೆ ಸರಕು ವಿಮಾನವೊಂದರಲ್ಲಿ ಏಕೈಕ ಪ್ರಯಾಣಿಕರಾಗಿ ಹೊರಟಾಗ, ಕೆಟ್ಟ ಹವೆಯಲ್ಲಿ ವಿಮಾನ ಔಟೆನಿಕ್ವಾ ಬೆಟ್ಟಗಳಿಗೆ ಅಪ್ಪಳಿಸಿ ಇಬ್ಬರು ಪೈಲಟ್‌ಗಳೊಂದಿಗೆ ಅವರೂ ಮಡಿದರು. ಆಗ ಅವರಿಗೆ 32 ವರ್ಷ. ತಪ್ಪೊಪ್ಪಿಗೆಯಿಂದ ಸಾವಿಗೆ ಎರಡು ವರ್ಷ ಚಿಲ್ಲರೆ ಅಂತರ. ಪಶ್ಚಾತ್ತಾಪ ಬದುಕಾಗಿ ಮಾಗಿತೋ ಇಲ್ಲವೋ ಎಂಬುದನ್ನು ಕಾಣಲು ಅದು ಸಾಲುವ ಕಾಲವಲ್ಲ. ಅಕಾಲ ಮರಣ ಅವರ ಕಥೆಗೆ ದುರಂತದ ಗಾಂಭೀರ್ಯ ಕೊಟ್ಟಿತು, ಉಳಿದ ಪ್ರಶ್ನೆಗಳನ್ನು ಕೇಳುವುದೇ ಅಸಭ್ಯವೆಂಬ ಭಾವನೆಯನ್ನೂ ಹುಟ್ಟಿಸಿತು. 2004ರಲ್ಲಿ ಅಲ್ಲಿನ ಸರ್ಕಾರಿ ದೂರದರ್ಶನ ನಡೆಸಿದ ಮತದಾನದಲ್ಲಿ ದೇಶದ ಮಹಾನ್ ವ್ಯಕ್ತಿಗಳ ಪಟ್ಟಿಯಲ್ಲಿ ಕ್ರೋನಿಯೆ 11ನೆಯ ಸ್ಥಾನದಲ್ಲಿದ್ದರು. ಮೊದಲ ಸ್ಥಾನ ಮಂಡೇಲಾ ಅವರದು. ವರ್ಣಭೇದ ನೀತಿಯ ಶಿಲ್ಪಿ ಹೆಂಡ್ರಿಕ್ ವರ್‌ವರ್ಡ್ 19ನೆಯ ಸ್ಥಾನ ಗಳಿಸಿದ ಪಟ್ಟಿಯೂ ಅದೇ ಆದ್ದರಿಂದ, ಜನಪ್ರಿಯ ಮತ ಏನನ್ನು ಅಳೆಯುತ್ತದೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2008ರಲ್ಲಿ ಅವರ ಅಣ್ಣ ಫ್ರಾನ್ಸ್ ಕ್ರೋನಿಯೆ ನಿರ್ಮಿಸಿದ ‘ಹ್ಯಾನ್ಸಿ’ ಚಲನಚಿತ್ರ ತೆರೆಗೆ ಬಂತು.

ಕ್ರೋನಿಯೆ ಪಶ್ಚಾತ್ತಾಪ ನಟನೆಯಾಗಿತ್ತೆಂದು ಹೇಳಲು ಆಧಾರವಿಲ್ಲ. ಅವರನ್ನು ಬಲ್ಲ ಅನೇಕರು ಅದನ್ನು ನಂಬಿದರು. ಆದರೆ ಜನ ಅವರಿಗೆ ಕೊಟ್ಟದ್ದು ಕ್ಷಮೆಗಿಂತ ಹೆಚ್ಚಾಗಿ ಅಭಿಮಾನದ ಮುಂದುವರಿಕೆ. ಮೋಸಹೋದ ಪ್ರೇಕ್ಷಕರಾಗಿ ತಮಗಾದ ನೋವನ್ನು ಮರೆಯುವ ಹಕ್ಕು ಅವರಿಗಿತ್ತು. ಗಿಬ್ಸ್ ಮತ್ತು ವಿಲಿಯಮ್ಸ್ ಪರವಾಗಿ ಕ್ಷಮಿಸುವ ಹಕ್ಕು ಇರಲಿಲ್ಲ, ಹೆಚ್ಚಿನವರಿಗೆ ಅಂಥದೊಂದು ಬಾಕಿ ಇದೆಯೆಂಬುದೇ ಹೊಳೆಯಲಿಲ್ಲ. ಗಿಬ್ಸ್ ಅಸಾಮಾನ್ಯ ಪ್ರತಿಭೆಯಾಗಿದ್ದುದರಿಂದ ನಿಷೇಧ ಮುಗಿಸಿ ಮರಳಿ, ಒಟ್ಟು 90 ಟೆಸ್ಟ್ ಆಡಿ, 2007ರ ವಿಶ್ವಕಪ್‌ನಲ್ಲಿ ಒಂದೇ ಓವರಿನಲ್ಲಿ ಆರು ಸಿಕ್ಸರ್ ಬಾರಿಸಿ ತಮ್ಮ ಹೆಸರನ್ನು ಬೇರೆ ಕಾರಣಕ್ಕೆ ನೆನಪಿಡುವಂತೆ ಮಾಡಿಕೊಂಡರು. ಹೆನ್ರಿ ವಿಲಿಯಮ್ಸ್ ಆಡಿದ ಅಂತರರಾಷ್ಟ್ರೀಯ ಪಂದ್ಯಗಳು ಒಟ್ಟು ಏಳು; ನಿಷೇಧದ ಅವಧಿ ಮುಗಿದ ಮೇಲೆ ದಕ್ಷಿಣ ಆಫ್ರಿಕಾ ತಂಡ ಅವರನ್ನು ಒಂದು ಪಂದ್ಯದಲ್ಲಿಯೂ ಆಡಿಸಲಿಲ್ಲ.